ಬಾಯಿ ತಪ್ಪಿದ ಮಾತು

ಅಫಜಲಪುರದಲ್ಲಿ ದೇವಾನಂದನ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಾರೆ. ವಿಡಿಯೋ ದೇವಣ್ಣ ಎಂದು ಕೇಳಿ, ಓಣಿಯ ಕೂಸು ಕೂಡ ಕೈಹಿಡಿದು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸುತ್ತದೆ. ಒಂದು ಕಾಲಕ್ಕೆ ಆಳಂದದಿಂದ ಜೇವರ್ಗಿಯವರೆಗೆ ಎಷ್ಟೋ ಮದುವೆಗಳಲ್ಲಿ ಅವನ ಕ್ಯಾಮೆರಾ ಬರುವ ತನಕ ಅಕ್ಷತೆ ಬೀಳುತ್ತಿರಲಿಲ್ಲ. ಆಮೇಲೆ ಡ್ರೋನು ಹಾರಿಸುವವರು ಬಂದರು, ಮದುಮಕ್ಕಳನ್ನು ಬಿಸಿಲಲ್ಲಿ ಹೊಲದ ತುಂಬ ಓಡಾಡಿಸಿ ಚಿತ್ರ ತೆಗೆಯುವವರು ಬಂದರು. ದೇವಾನಂದ ಯಾರ ಮೇಲೂ ಹಲ್ಲು ಕಡಿಯಲಿಲ್ಲ. ಕ್ಯಾಮೆರಾವನ್ನು ಹೆಂಡತಿಯ ಹಳೇ ಸೀರೆಯಲ್ಲಿ ಸುತ್ತಿಟ್ಟ. ಪಡಸಾಲೆಯಲ್ಲಿ ಕಂಪ್ಯೂಟರು, ವಿಸಿಆರು, ಒಂದು ಡೊಳ್ಳು ಹೊಟ್ಟೆಯ ಟಿವಿ ಜೋಡಿಸಿಕೊಂಡು, ಹಳೇ ಮದುವೆ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸಿಕೊಡುವ ಕೆಲಸಕ್ಕೆ ಕೂತುಬಿಟ್ಟ.

ಈ ಕಾಲದಲ್ಲಿ ಡಿಸ್ಕು ಯಾರಿಗೆ ಬೇಕು ಎಂದು ಮೂಗು ಮುರಿಯಬೇಡಿ. ಬೇಕಾದವರು ಇದ್ದಾರೆ. ಜಿಡಗಾದ ಕಡೆಯ ಮುದುಕಿಯರಿಗೆ ಪ್ರವಚನ ಟಿವಿಯಲ್ಲೇ ಕೇಳಬೇಕು, ಮೊಬೈಲಿನಲ್ಲಿ ಕೇಳಿದರೆ ಪುಣ್ಯ ಬಂದಂತೆ ಅನ್ನಿಸುವುದಿಲ್ಲ. ಅವರನ್ನು ಬಿಟ್ಟರೆ ವಕೀಲರು. ಮೊಬೈಲಿನಲ್ಲಿ ಸಿಕ್ಕ ಜಗಳ, ಹೊಡೆದಾಟ, ಬದುವಿನ ತಕರಾರು ಎಲ್ಲವೂ ಕೊನೆಗೆ ಡಿಸ್ಕಾಗಿ ಅವರ ಕೈ ಸೇರಬೇಕು.

ನೋಡುವವರಿಗೆ ಇದು ಗುಂಡಿ ಒತ್ತುವ ಕೆಲಸ. ಮಾಡುವವನ ಪಾಡು ಬೇರೆ. ಕಂಪ್ಯೂಟರಿನಲ್ಲಿ ನೆಟ್ಟಗೆ ಓಡಿದ ವಿಡಿಯೋ ಟಿವಿಗೆ ಹಾಕಿದರೆ ಅಡ್ಡ ಮಲಗಿಕೊಳ್ಳುತ್ತದೆ. ಇನ್ನೇನು ರೈಟ್ ಆಗಿ ಮುಗಿಯಿತು ಅನ್ನುವಾಗ ಮಷೀನು ಡಿಸ್ಕನ್ನು ಹೊರಗೆ ಉಗುಳುತ್ತದೆ. ದೇವಾನಂದ ಅದನ್ನು ರಮಿಸುತ್ತಿದ್ದ, ಬೈಯುತ್ತಿದ್ದ, ವೇಗ ತಗ್ಗಿಸಿ ಮತ್ತೆ ರೈಟ್ ಮಾಡಲು ಹಚ್ಚುತ್ತಿದ್ದ. "ಆ ಮಷೀನ್ ಸಂಗಾಟ ಆಡಿದಷ್ಟು ಮಾತು ನನ್ನ ಸಂಗಾಟ ಯಾವತ್ತರ ಆಡೀರೇನು?" ಎಂದು ಹೆಂಡತಿ ಪಲ್ಲವಿ ಕಾಡಿಸುತ್ತಿದ್ದಳು. ಅವನು ನಗುತ್ತಿದ್ದನೇ ಹೊರತು ಎದ್ದು ಬರುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಪ್ರತಿ ಡಿಸ್ಕನ್ನೂ ಟಿವಿಗೆ ಹಾಕಿ ಮೊದಲು, ನಡುವೆ, ಕೊನೆ ಮೂರೂ ಕಡೆ ನೋಡಿಯೇ ಗಿರಾಕಿಯ ಕೈಗೆ ಕೊಡುವುದು ಅವನ ರೂಢಿ. ಈ ರೂಢಿ ಒಂದೇ ಒಂದು ಸಲ ತಪ್ಪಿತು. ಆ ಒಂದು ಸಲ ತಪ್ಪಬಾರದಿತ್ತು.

ಕಬ್ಬಿನ ಹಂಗಾಮು ಮುಗಿಯುತ್ತ ಬಂದ ಹೊತ್ತು. ಒಂದು ಮಧ್ಯಾಹ್ನ ಕರಜಗಿ ಕಡೆಯ ಹಟ್ಟಿಯಿಂದ ರಮಾಬಾಯಿ ಬಂದಳು. ಜೊತೆಗೆ ಅಮೋಘಸಿದ್ದ ಎಂಬವನಿದ್ದ, ಅವಳ ಗಂಡ ಭಗವಂತನ ಗೆಳೆಯ. ಗೆಳೆಯರಿಬ್ಬರೂ ಸಣ್ಣವರಿದ್ದಾಗಿನಿಂದ ಒಂದೇ ಸಾಲಿನಲ್ಲಿ ಕಬ್ಬು ಕಡಿದವರು. ರಮಾಬಾಯಿಯ ಕೊರಳು ಬರಿದಾಗಿತ್ತು. ದೇವಾನಂದನಿಗೆ ಅದು ಮೊದಲು ಕಂಡಿತು, ಏಕೆಂದರೆ ಅವಳ ಮದುವೆಯ ಶೂಟಿಂಗು ಮಾಡಿದವನು ಅವನೇ. ಭಗವಂತ ಇಡೀ ಮದುವೆಯಲ್ಲಿ ಕ್ಯಾಮೆರಾ ಕಂಡಲ್ಲೆಲ್ಲ ನಗು ತಡೆಯಲಾರದೆ ಬಾಯಿಗೆ ಟವೆಲ್ಲು ಒತ್ತಿಕೊಂಡಿದ್ದ.

"ಜೈ ಭೀಮ್ರಿ ಅಣ್ಣಾರ," ಎಂದು ರಮಾಬಾಯಿ ಮೊಬೈಲನ್ನು ಮುಂದಿಟ್ಟಳು. "ಇದರಾಗ ನನ್ನ ಗಂಡ ಸತ್ತದ್ದು ಅದ. ಫೋನು ಪೊಲೀಸರಿಗೆ ಕೊಡಬೇಕಾಗ್ಯಾದ. ಅಲ್ಲಿಂದ ಅದು ಲ್ಯಾಬಿಗೆ ಹೋಗ್ತದಂತ, ವಾಪಸ್ ಬರಾಕ ತಿಂಗಳುಗಟ್ಟಲೆ ಬೇಕಂತ. ಅದರೊಳಗ ಡಿಸ್ಕ್ ಮಾಡಿಸಿಕೊಂಡು ಬಾ ಅಂತ ವಕೀಲ ಬಾಯಾರು ಹೇಳ್ಯಾರ."

ನಡೆದದ್ದನ್ನು ಅವಳೇ ಹೇಳಿದಳು. ಹೊಲದಲ್ಲಿ ಅವಳಿಗೆ ಮೈ ಸುಡುವ ಜ್ವರ. ಕಬ್ಬು ತುಂಬಿದ ಟ್ರ್ಯಾಲಿ ಹವಳಗಾದ ಸಕ್ಕರೆ ಕಾರ್ಖಾನೆಗೆ ಹೊರಟು ನಿಂತಿತ್ತು. ಟ್ರ್ಯಾಲಿ ಬಿಚ್ಚಿ, ಬರೀ ಟ್ರ್ಯಾಕ್ಟರಿನಲ್ಲಿ ಇವಳನ್ನು ಮೊದಲು ದವಾಖಾನೆಗೆ ಒಯ್ಯಿರಿ ಎಂದು ಭಗವಂತ ಬೇಡಿಕೊಂಡ. ಕಡಿಯುವವರ ಟೋಳಿ ನಡೆಸುವ ಮುಕಾದಮ ಕಲ್ಯಾಣಪ್ಪ, ಸರದಿ ತಪ್ಪುತ್ತದೆ, ಆಗುವುದಿಲ್ಲ ಎಂದ. ಮಾತು ಬೆಳೆಯಿತು. ನಾಳೆ ಯಾರೂ ಇಲ್ಲ ಅನ್ನಬಾರದು ಎಂದು ರಮಾಬಾಯಿ ಮರದ ಕೆಳಗೆ ಕೂತಲ್ಲಿಂದಲೇ ಮೊಬೈಲು ಹಿಡಿದಳು. ಕೊನೆಗೆ ಭಗವಂತ ತಾನೇ ಟ್ರ್ಯಾಕ್ಟರಿಗೂ ಟ್ರ್ಯಾಲಿಗೂ ನಡುವೆ ಬಗ್ಗಿ ಕೊಂಡಿಯ ಪಿನ್ನು ಕೀಳಲು ಹೋದ. ಅಮೋಘಸಿದ್ದ ಅವನ ಅಂಗಿ ಹಿಡಿದು ಹೊರಗೆ ಎಳೆಯುತ್ತಿದ್ದ. ಆಗ ಯಾರೋ "ಬಿಡಲೇ!" ಎಂದರು. ಟ್ರ್ಯಾಕ್ಟರು ಮುಂದೆ ಹೋಯಿತು, ಟ್ರ್ಯಾಲಿಯ ಗಾಲಿ ಭಗವಂತನ ಮೇಲೆ ಹಾದುಹೋಯಿತು.

ಬಿಡು ಎನ್ನುವ ಮಾತು ನಮ್ಮಲ್ಲಿ ಎಂಥದು ನೋಡಿ. ಕೈಬಿಡು ಅನ್ನುವುದೂ ಅದೇ, ಗಾಡಿ ಬಿಡು ಅನ್ನುವುದೂ ಅದೇ. ಡ್ರೈವರು ಮುಂದೆ ನೋಡಿಕೊಂಡು ಕೂತಿದ್ದ; ಹಿಂದಿನಿಂದ ಬಿಡಲೇ ಅಂದರು, ಬಿಟ್ಟೆ, ಯಾರು ಅಂದರೋ ಕಾಣೆ ಎಂದು ಕೈ ತೊಳೆದುಕೊಂಡಿದ್ದ. ಇಂಜಿನ್ನಿನ ಗದ್ದಲದಲ್ಲಿ ದನಿ ಇಂಥವರದೇ ಎಂದು ಗುರುತು ಹತ್ತುವ ಹಾಗಿಲ್ಲ. ಬಾಯಿ ನೋಡಿಯೇ ಹೇಳಬೇಕು.

"ಮುಕಾದಮ ಅಂದದ್ದು. ನಾ ಕಣ್ಣಾರೆ ನೋಡೇನಿ," ಎಂದಳು ರಮಾಬಾಯಿ. "ಅಂವನ ಬಾಯಾಗಿಂದ ಬಂದದ್ದು ಎಲ್ಲಾರೂ ನೋಡಬೇಕ್ರಿ ಅಣ್ಣಾರ. ನನಗ ಅಷ್ಟ ಸಾಕು."

ಅಮೋಘಸಿದ್ದ ಹೊಸ್ತಿಲ ಹೊರಗೆ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

ದೇವಾನಂದ ವಿಡಿಯೋವನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ಅವತ್ತು ಮಷೀನು ಅವನನ್ನು ಕಾಡಿದ್ದು ಅಷ್ಟಿಷ್ಟಲ್ಲ. ಮೊದಲನೇ ಡಿಸ್ಕು ಟಿವಿಯಲ್ಲಿ ಏಳಲೇ ಇಲ್ಲ. ಎರಡನೆಯದರಲ್ಲಿ ಚಿತ್ರ ಬಂದರೆ ಸದ್ದಿಲ್ಲ. ಕನ್ವರ್ಟ್ ಮಾಡುವ ಸಾಫ್ಟ್‌ವೇರು ಬದಲಿಸಿ, ಇನ್ನೊಮ್ಮೆ ಹಚ್ಚಿ, ವೇಗ ತಗ್ಗಿಸಿ ರೈಟ್ ಮಾಡಿದಾಗ ಅಂತೂ ಟಿವಿಯಲ್ಲಿ ಚಿತ್ರವೂ ಸದ್ದೂ ಬಂದವು. ಮೊದಲು ನೋಡಿದ, ಬಾಯಿಗೂ ಮಾತಿಗೂ ಸರಿಹೊಂದಿತ್ತು. ನಡುವೆಯೂ ಕಣ್ಣಿಗೆ ಊನ ಕಾಣಲಿಲ್ಲ. ಕೊನೆಗೆ ಬರುವಾಗ ಭಗವಂತ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಟ್ರ್ಯಾಲಿಯ ಕಡೆ ಬಗ್ಗಿದ. ದೇವಾನಂದನಿಗೆ, ಮದುವೆಯಲ್ಲಿ ತಾನು ಚಿತ್ರ ತೆಗೆದ ಹುಡುಗ ಗಾಲಿಗೆ ಸಿಗುವುದನ್ನು ನೋಡಲಾರೆ ಎನ್ನಿಸಿತು. ಟಿವಿ ಆರಿಸಿಬಿಟ್ಟ.

ಅದೇ ರೀತಿ ಬೇಕಾದಷ್ಟು ಡಿಸ್ಕು ತೆಗೆದು, ಅವುಗಳ ಜೊತೆಗೆ, ಮೊಬೈಲಿನಲ್ಲಿ ಇದ್ದದ್ದು ಇದ್ದ ಹಾಗೆ ಇದರಲ್ಲಿದೆ ಎಂದು ವಕೀಲರು ಬರೆದುಕೊಟ್ಟ ಕಾಗದಕ್ಕೆ ಸಹಿ ಹಾಕಿಕೊಟ್ಟ. ಹಿಂದೆ ಇಂಥವಕ್ಕೆ ಎಷ್ಟೋ ಸಹಿ ಹಾಕಿದ್ದ.

ಕೆಲವು ದಿನ ಕಳೆದ ಮೇಲೆ ಮನೆ ಮುಂದೆ ಒಂದು ಜೀಪು ನಿಂತಿತು. ಇಳಿದವನು ಕಲ್ಯಾಣಪ್ಪ. ಕೈಯಲ್ಲಿ ಪೇಡೆಯ ಪೊಟ್ಟಣ. ದೇವಾನಂದ, ಇವನು ಜಗಳಕ್ಕೆ ಬಂದನೆಂದುಕೊಂಡು ಪಲ್ಲವಿಗೆ ಒಳಗೆ ಹೋಗೆಂದು ಕಣ್ಸನ್ನೆ ಮಾಡಿದ. ಅವಳು ಹೋಗಲಿಲ್ಲ.

"ಬರ್ರಿ ಮುಕಾದಮರ, ಕುಂದರ್ರಿ," ಎಂದ.

"ಕುಂದರಾಕ ಬಂದಿಲ್ಲೋ ದೇವಣ್ಣ. ನಿನ್ನ ಕೆಲಸ ನೋಡಿ ಖುಷಿ ಆತು, ಹೇಳಿ ಹೋಗೂನಂತ ಬಂದೆ." ಕಲ್ಯಾಣಪ್ಪ ಪೊಟ್ಟಣವನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟ. "ನಮ್ಮ ವಕೀಲರಿಗೂ ಒಂದು ಡಿಸ್ಕ್ ಸಿಕ್ತು. ಎಲ್ಲಾ ಸಾಫ್ ಕಾಣಸ್ತದ. ಬಾಳ ಛಲೋ ಮಾಡೀದಿ."

ದೇವಾನಂದ ಪೊಟ್ಟಣದ ಕಡೆ ನೋಡಿದ. ಈ ಮನುಷ್ಯನ ಕೊರಳಿಗೆ ಉರುಳಾಗಬೇಕಾದ ಡಿಸ್ಕು ಅದು. ಅದನ್ನು ಕಂಡು ಇವನೇ ಪೇಡೆ ಹಂಚಿಕೊಂಡು ಬಂದರೆ ಏನರ್ಥ?

"ಇನ್ನ ಅದಕ್ಕ ಕೈ ಹಚ್ಚಬ್ಯಾಡ," ಎಂದ ಕಲ್ಯಾಣಪ್ಪ, ದನಿ ಏರಿಸದೆ. "ಕಂಪ್ಯೂಟರಿನಾಗ ಏನರ ಉಳಿದಿದ್ರ ಅಳಿಸಿಬಿಡು. ಸಂಸಾರಸ್ಥ ಇದ್ದಿ. ಹೆಂಡ್ತಿ ದಿನಾ ಒಬ್ಬಾಕೀನೇ ನೀರಿಗೆ ಹೋಗ್ತಾಳ, ನೋಡ್ತಿರ್ತೇನಿ." ಪಲ್ಲವಿಯ ಕಡೆ ತಿರುಗಿ ಕೈಮುಗಿದು, "ಬರ್ತೇನ್ರಿ ತಂಗಿ," ಎಂದು ಜೀಪು ಹತ್ತಿದ.

ಜೀಪಿನ ಸದ್ದು ಅಡಗುವ ಮೊದಲೇ ದೇವಾನಂದ ತನ್ನ ಹತ್ತಿರ ಉಳಿದಿದ್ದ ಡಿಸ್ಕನ್ನು ಟಿವಿಗೆ ಹಾಕಿದ. ಈ ಸಲ ನಡುವೆ ಟಿವಿ ಆರಿಸಲಿಲ್ಲ. ಭಗವಂತ ಬಗ್ಗಿದ. ಟ್ರ್ಯಾಲಿಯ ಆಚೆ ಬದಿಯಲ್ಲಿ ನಿಂತಿದ್ದ ಕಲ್ಯಾಣಪ್ಪ ಬಾಯಿ ತೆರೆದ, ಆದರೆ ಮಾತು ಕೇಳಲಿಲ್ಲ, ಬರೀ ಇಂಜಿನ್ನಿನ ಗದ್ದಲ. ಅವನ ಬಾಯಿ ಮುಚ್ಚಿತು. ಆಮೇಲೆ ಅಮೋಘಸಿದ್ದ ಬಾಯಿ ಅಗಲಿಸಿದ, ಅದರ ಮೇಲೆ ಬಂದು ಕೂತಿತು ಆ ಮಾತು: "ಬಿಡಲೇ!"

ಏನಾಗಿದೆಯೆಂದು ದೇವಾನಂದನಿಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಬಿಸಿಲಿಗೆ ಕಾದ ಮೊಬೈಲು ಸದ್ದನ್ನು ಒಂದೇ ಸಮನೆ ಹಿಡಿಯುತ್ತದೆ, ಚಿತ್ರವನ್ನು ಮಾತ್ರ ಅಲ್ಲಲ್ಲಿ ನುಂಗುತ್ತದೆ. ಆ ಖಾಲಿ ಜಾಗಗಳು ಕನ್ವರ್ಟ್ ಮಾಡುವಾಗ ಸಾಫ್ಟ್‌ವೇರಿಗೆ ಕಂಡಿಲ್ಲ. ಇದ್ದಷ್ಟು ಚಿತ್ರವನ್ನು ಒತ್ತೊತ್ತಿ ಜೋಡಿಸಿದೆ. ಮೊದಲಲ್ಲಿ ಗೊತ್ತಾಗದ ಅಂತರ ಹೋಗುತ್ತ ಹೋಗುತ್ತ ಬೆಳೆದು, ಕೊನೆಗೆ ಸದ್ದು ಒಬ್ಬನ ಬಾಯಿ ದಾಟಿ ಇನ್ನೊಬ್ಬನ ಬಾಯಿಗೆ ಬೀಳುವಷ್ಟು ಹಿಂದೆ ಬಿದ್ದಿದೆ. ಕೊನೆಯನ್ನು ಒಮ್ಮೆ ನೋಡಿದ್ದರೆ ಮುಗಿದುಹೋಗುತ್ತಿತ್ತು. ಕನಿಕರಪಟ್ಟು ನೋಡದೆ ಬಿಟ್ಟ, ಆ ಕನಿಕರವೇ ಈಗ ಒಬ್ಬ ನಿರಪರಾಧಿಯ ಕೊರಳಿಗೆ ಬಂದು ಸುತ್ತಿಕೊಂಡಿತು.

ಅವನು ಬೇರೆ ಏನೂ ಯೋಚಿಸಲಿಲ್ಲ, ಅಳಿಸು ಅಂದವನ ಮಾತನ್ನಂತೂ ಅಲ್ಲವೇ ಅಲ್ಲ. ಕಂಪ್ಯೂಟರಿನಲ್ಲಿ ಇನ್ನೂ ಇದ್ದ ಮೂಲ ವಿಡಿಯೋ ತೆರೆದು ನೋಡಿದ. ಅದರಲ್ಲಿ ಮಾತು ಕಲ್ಯಾಣಪ್ಪನ ಬಾಯಿಂದಲೇ ಬಂದಿತ್ತು. ಚಿತ್ರದ ಖಾಲಿ ಜಾಗಗಳನ್ನು ಮೊದಲು ತುಂಬಿ ಒಂದೇ ಹದಕ್ಕೆ ತಂದುಕೊಂಡು, ಆಮೇಲೆ ಕನ್ವರ್ಟ್ ಮಾಡಿ, ಹೊಸ ಡಿಸ್ಕು ರೈಟ್ ಮಾಡಿದ. ಕೊನೆಯ ತನಕ ನೋಡಿದ. ಮಾತು ತನ್ನ ಬಾಯಿಗೆ ಮರಳಿತ್ತು. ರಮಾಬಾಯಿಯ ವಕೀಲೆ ಬಸವೇಶ್ವರಿಗೆ ಫೋನು ಮಾಡಿ ಎಲ್ಲ ಹೇಳಿದ.

"ಮೊದಲನೇದು ಖರೇ ಅಂತ ಸಹಿ ಮಾಡಿದವರು ನೀವೇ," ಎಂದಳು ಬಸವೇಶ್ವರಿ. "ಈಗ ಎರಡನೇದು ತಂದ್ರ, ನಿಮ್ಮ ಕಂಪ್ಯೂಟರಿನಾಗಿಂದು ತೋರಿಸಿದ್ರೂ, ತಿದ್ದಿದ್ದು ಅಂತಾರ. ಲ್ಯಾಬಿನವರು ಫೋನ್ ನೋಡಿ ಬರೀತಾರ, ಅಲ್ಲಿತನ ತಡೀಬಹುದು. ಆದ್ರ ಅಮೋಘಸಿದ್ದ ನಾಳೆ ಸ್ಟೇಷನ್ನಿಗೆ ಹೋಗಿ, ನಾನೇ ಅಂದೆ ಅಂತ ಬರೆಸಿಕೊಡ್ತೇನಿ ಅನ್ನಾಕತ್ತಾನ. ಬರೆಸಿಕೊಟ್ಟಾಂದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ. ಮೊದ್ಲು ಅಂವನ್ನ ನಿಂದರಸ್ರಿ."

ಮರುದಿನ ಬೆಳಿಗ್ಗೆ ದೇವಾನಂದ ಪಲ್ಲವಿಯನ್ನು ಅವಳ ಅಣ್ಣನ ಮನೆಯಲ್ಲಿ ಬಿಟ್ಟು, ಎರಡೂ ಡಿಸ್ಕು ಹಿಡಿದುಕೊಂಡು ಕರಜಗಿಯ ಬಸ್ಸು ಹತ್ತಿದ. ರಮಾಬಾಯಿಯ ಮನೆಯಲ್ಲಿ ಡಿಸ್ಕು ನೋಡಲು ತಂದಿಟ್ಟ ಟಿವಿ, ಪ್ಲೇಯರು ಇನ್ನೂ ಹಾಗೆಯೇ ಇದ್ದವು. ಹಟ್ಟಿಯವರೆಲ್ಲ ಹಳೇ ಡಿಸ್ಕನ್ನು ನೋಡಿಯಾಗಿತ್ತು, ಮತ್ತೆ ಮತ್ತೆ ನೋಡಿಯಾಗಿತ್ತು. ಅಮೋಘಸಿದ್ದ ಶುಭ್ರ ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದ. ಮುಖ ಇಳಿದು ಗುರುತು ಸಿಗದ ಹಾಗಾಗಿತ್ತು.

"ಕುಂದರಪಾ, ತಪ್ಪು ನಂದು. ಮಷೀನ್ ಮಾತು ಹಿಂದ ಸರಿಸಿತ್ತು," ಎಂದು ದೇವಾನಂದ ಹೊಸ ಡಿಸ್ಕು ಹಾಕಿದ. ಕಲ್ಯಾಣಪ್ಪ ಬಾಯಿ ತೆರೆದ, "ಬಿಡಲೇ!" ಎಂದ. ಗಾಡಿ ಜಗ್ಗಿತು. ಆಮೇಲೆ ಅಮೋಘಸಿದ್ದನ ಬಾಯಿ ತೆರೆಯಿತು, "ಭಗವಂತಾ!" ಎಂಬ ಕೂಗು ಕೇಳಿಸಿತು.

"ನೋಡಿದಿ? ನೀ ಅಂವನ ಹೆಸರು ಕೂಗೀದಿ. ಬರೀ ಹೆಸರು."

ಅಮೋಘಸಿದ್ದ ಹಳೆಯದನ್ನು ಹಾಕಲು ಹೇಳಿದ. ಮತ್ತೆ ಹೊಸದನ್ನು ಹಾಕಿಸಿದ. ಎರಡನ್ನೂ ರೆಪ್ಪೆ ಮಿಟುಕಿಸದೆ ನೋಡಿದ.

"ಈ ಹೊಸಾದು ಯಾವಾಗ ಮಾಡಿದ್ರಿ ಅಣ್ಣಾರ?"

"ನಿನ್ನೆ."

"ನಾ ಬರೆಸಿಕೊಡ್ತೇನಿ ಅಂತ ಗೊತ್ತಾದ ಮ್ಯಾಲ?"

"ಅಲ್ಲೋ, ಅದಕ್ಕೂ ಮೊದ್ಲ. ಖರೇ ಹೇಳಾಕತ್ತೇನಿ." ದೇವಾನಂದ ರಮಾಬಾಯಿಯ ಕಡೆ ತಿರುಗಿದ. "ತಂಗಿ, ನೀವರ ಹೇಳ್ರಿ. ನೀವು ಕಣ್ಣಾರೆ ನೋಡಿದ್ರಲ್ಲ."

ರಮಾಬಾಯಿ ಟಿವಿಯ ಮುಂದೆ ಕೂತಲ್ಲೇ ಕೂತಿದ್ದಳು. "ನೋಡಿದ್ದೆ ಅನಕೊಂಡಿದ್ದೆ," ಎಂದಳು ಮೆಲ್ಲಗೆ. "ಈಗ ಕಣ್ಣು ಮುಚ್ಚಿದ್ರ ಈ ಟಿವಿನಾಗಿಂದ ಕಾಣಸ್ತದ. ಯಾವುದು ನಾ ನೋಡಿದ್ದು, ಯಾವುದು ನೀವು ಮಾಡಿಕೊಟ್ಟದ್ದು, ನನಗ ತಿಳೀವಲ್ದು."

ಅಮೋಘಸಿದ್ದ ಎದ್ದು ಚಪ್ಪಲಿ ಮೆಟ್ಟಿದ. ದೇವಾನಂದನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅದನ್ನು ನೋಡಿ ದೇವಾನಂದನಿಗೆ ಇನ್ನಷ್ಟು ಭಯವಾಯಿತು.

"ನನ್ನ ಉಳಸಾಕ ಮಾಡೀರಿ, ತಿಳೀತು. ನೀವು ಒಳ್ಳೆಯವರದೀರಿ," ಎಂದ. "ಮೊದಲ ನನಗೂ ನೆನಪಿರಲಿಲ್ಲರಿ. ಏನು ಒದರಿದೆನೋ ಗೊತ್ತಿರಲಿಲ್ಲ. ನೋಡಿ ನೋಡಿ ನೆನಪು ಬಂತು. ಭಗ್ಯಾ ಪಿನ್ ಬಿಡವಲ್ಲಾಗಿದ್ದ. ಕೈ ಬಿಡಲೇ ಅಂತ ಜೋರಲೇ ಅಂದೆ. ಅಂದ ಮ್ಯಾಲ ಗಂಟಲು ಉರಿದದ್ದೂ ನೆನಪದ."

"ಅದು ನಿನ್ನ ನೆನಪಲ್ಲೋ! ನಾ ಮಾಡಿದ್ದು ಅದು!"

"ನೀವಲ್ಲಿ ಇದ್ದಿರೇನ್ರಿ ಅಣ್ಣಾರ?" ಎಂದು ಅಮೋಘಸಿದ್ದ ಕೇಳಿದ.

ಅಮೋಘಸಿದ್ದ ರಮಾಬಾಯಿಯ ಕಾಲು ಮುಟ್ಟಿ ನಮಸ್ಕರಿಸಿದ. ಅವಳು ಕಾಲು ಹಿಂದೆ ಎಳೆದುಕೊಂಡಳು, ಹೋಗಬೇಡ ಎನ್ನಲಿಲ್ಲ. ಅವನು ಅಂಗಳ ದಾಟಿ ಬಸ್ಸು ನಿಲ್ಲುವ ಕಡೆ ನಡೆದ. ದೇವಾನಂದ ಅವನ ಹಿಂದೆಯೇ ಓಡಿದ, ಕೈ ಹಿಡಿದ, ಕಾಲಿಗೆ ಬೀಳುತ್ತೇನೆಂದ. ಬಸ್ಸಿನಲ್ಲೂ ಬಿಡದೆ, ಪೊಲೀಸ್ ಸ್ಟೇಷನ್ನಿನ ಬಾಗಿಲ ತನಕ ಹಾಗೆಯೇ ಹೇಳುತ್ತ ಹೋದ, ಅಮೋಘಸಿದ್ದ ಕೈ ಬಿಡಿಸಿಕೊಂಡು ಒಳಗೆ ಹೋದ.