ಗೋದಾಮಿನ ಗನ್ನುಗಳಿಗೆ ಮಾತು ಕಲಿಸುವ ಹರಿಣಾಕ್ಷಿ

ಮೆಲ್ಕಾರಿನ ಹೆದ್ದಾರಿ ಬದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಔಷಧಿ ಗೋದಾಮಿನೊಳಗೆ ಹೋದರೆ, ಕಬ್ಬಿಣದ ರ್ಯಾಕುಗಳ ನಡುವೆ ಒಬ್ಬ ಹೆಂಗಸು ಸ್ಕ್ಯಾನರ್ ಹಿಡಿದು ಹಿಂದೆ ಮುಂದೆ ನಡೆಯುತ್ತಿದ್ದಾರೆ. ಪೆಟ್ಟಿಗೆಯ ಮೇಲಿನ ಗೆರೆಗೆರೆ ಚೀಟಿಗೆ ಕೆಂಪು ಬೆಳಕು ಬಿಡುತ್ತಾರೆ. ಬೀಪ್. ಬಾಗಿಲ ಬಳಿ ಕಂಪ್ಯೂಟರಿನ ಮುಂದೆ ಕುಳಿತ ಮಿಸ್ರಿಯಾ ಕೂಗುತ್ತಾರೆ, “ಬಂತಕ್ಕಾ!” ನಾಲ್ಕು ಹೆಜ್ಜೆ ಆಚೆ ಮತ್ತೊಂದು ಬೀಪ್. “ಬಂತು!” ಮೂರನೆಯ ಸಾಲಿನ ಒಳಗೆ ಹೋಗಿ ಇನ್ನೊಂದು. ಈ ಸಲ ಮಿಸ್ರಿಯಾ ಏನೂ ಹೇಳುವುದಿಲ್ಲ.

“ಇಲ್ಲಿ ನೋಡಿ, ಇಲ್ಲಿ ಸತ್ತೇ ಹೋಗ್ತದೆ,” ಎನ್ನುತ್ತಾರೆ ಹರಿಣಾಕ್ಷಿ. ನನಗೆ ಹೇಳಿದ್ದೋ ಸ್ಕ್ಯಾನರಿಗೆ ಹೇಳಿದ್ದೋ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಅವರು ಏಣಿಯ ಮೇಲಿದ್ದಾರೆ.

ಹೊರಗೆ ಎರಡು ಗಾಡಿಗಳು ಕಾಯುತ್ತಿವೆ. ಒಂದು ಬೆಳ್ತಂಗಡಿಗೆ, ಇನ್ನೊಂದು ಮೂಡುಬಿದಿರೆಗೆ. ದಾರಿಯುದ್ದದ ಔಷಧಿ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ಸರಕು ತಲುಪಬೇಕು. ಸ್ಕ್ಯಾನ್ ಆಗದೆ ಪೆಟ್ಟಿಗೆ ಹೊರಡುವಂತಿಲ್ಲ. ಫೋನಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯವರು “ನಮ್ ಕಡೆ ಎಲ್ಲಾ ಸರಿಯಾಗಿದೆ ಮೇಡಂ” ಎಂದು ಮೂರನೆಯ ಬಾರಿ ಹೇಳುತ್ತಿದ್ದಾರೆ. ಹರಿಣಾಕ್ಷಿ ಫೋನನ್ನು ಏಣಿಯ ಮೆಟ್ಟಿಲಿಗೆ ಒರಗಿಸಿ, ತೊಲೆಗೆ ಕಟ್ಟಿದ ವೈಫೈ ಪೆಟ್ಟಿಗೆಯನ್ನು ಬಿಚ್ಚಿ ಒಂದು ಮಾರು ಈಚೆಗೆ ತಂದು ಕಟ್ಟುತ್ತಾರೆ. ಹಿಂದಿನ ದಿನ ಕೆಮ್ಮಿನ ಸಿರಪ್ಪಿನ ದೊಡ್ಡ ಲೋಡು ಬಂದು ಮೂರನೆಯ ಸಾಲು ಸೂರಿನವರೆಗೆ ತುಂಬಿಬಿಟ್ಟಿದೆ.

“ಮಾತ್ರೆ ಆದ್ರೆ ತೊಂದರೆ ಇಲ್ಲ. ಸಿರಪ್ ಅಂದ್ರೆ ನೀರಲ್ವಾ, ಅದು ಸಿಗ್ನಲ್ ಕುಡೀತದೆ ಮಾರಾಯ್ರೆ. ಗೋದಾಮು ಖಾಲಿ ಇರುವಾಗ ಬಂದು ಟೆಸ್ಟ್ ಮಾಡಿದವರಿಗೆ ಎಲ್ಲ ಕಡೆ ಫುಲ್ ಉಂಟು ಅಂತ ಕಾಣ್ತದೆ. ಸಾಮಾನು ಬಂದ ಮೇಲೆ ಕಥೆಯೇ ಬೇರೆ.”

“ಬಂತಕ್ಕಾ, ಬಂತು!” ಎಂದು ಮಿಸ್ರಿಯಾ ಕೂಗುವಾಗ ಹರಿಣಾಕ್ಷಿಯ ಮುಖದಲ್ಲಿ ಸಮಾಧಾನವೇನೂ ಕಾಣುವುದಿಲ್ಲ. ಮೂಡುಬಿದಿರೆಯ ಗೇರುಬೀಜದ ಗೋದಾಮಿನಿಂದ ಕರೆ ಬಂದಿದೆ. ಅಲ್ಲಿಯ ಸ್ಕ್ಯಾನರು ಒಂದೇ ಚೀಲವನ್ನು ಎರಡು ಸಲ ಲೆಕ್ಕ ಹಾಕುತ್ತಿದೆಯಂತೆ. ತಂದಿಟ್ಟ ಚಹಾವನ್ನು ನಿಂತೇ ಅರ್ಧ ಕುಡಿದು, ಅವರು ಸ್ಕೂಟರು ತಿರುಗಿಸುತ್ತಾರೆ.

ಪಿಸ್ತೂಲಿನ ಆಕಾರದ ಈ ಸ್ಕ್ಯಾನರುಗಳಿಗೆ ಇಲ್ಲಿಯ ಗೋದಾಮುಗಳಲ್ಲಿ ‘ಗನ್’ ಎಂದೇ ಹೆಸರು. ಯಾವ ಪೆಟ್ಟಿಗೆ ಯಾವ ರ್ಯಾಕಿನಲ್ಲಿದೆ, ಎಷ್ಟಿದೆ, ಎತ್ತ ಹೋಯಿತು ಎಂಬುದನ್ನೆಲ್ಲ ಕಂಪ್ಯೂಟರಿನೊಳಗಿನ ಸಾಫ್ಟ್‌ವೇರ್ ನೆನಪಿಟ್ಟುಕೊಳ್ಳುತ್ತದೆ. ಗನ್ನು ಕಂಡದ್ದನ್ನು ಗಾಳಿಯಲ್ಲೇ ಅದಕ್ಕೆ ಮುಟ್ಟಿಸಬೇಕು. ಇವೆರಡರ ನಡುವೆ ಮಾತು ನಿಂತಾಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಿನ ಗೋದಾಮುಗಳಿಗೆ ನೆನಪಾಗುವುದು ಹರಿಣಾಕ್ಷಿ. ಪಶು ಆಹಾರ, ರಬ್ಬರ್ ಶೀಟ್, ಟೈಲ್ಸ್, ಔಷಧಿ, ಎಲ್ಲ ಬಗೆಯ ಗೋದಾಮುಗಳೂ ಅವರ ಸುತ್ತಿನಲ್ಲಿವೆ.

“ಗನ್ನೂ ಒಳ್ಳೆದೇ, ಸಾಫ್ಟ್‌ವೇರೂ ಒಳ್ಳೆದೇ. ಮಾತು ಬಿಟ್ಟ ಅತ್ತಿಗೆ ನಾದಿನಿ ಹಾಗೆ. ನಡುವಿನಲ್ಲಿ ಒಬ್ಬರು ಬೇಕಲ್ಲ, ಅದು ನಾನು,” ಎಂದು ನಗುತ್ತಾರೆ.

ಪುಂಜಾಲಕಟ್ಟೆಯಿಂದ ಒಳಗೆ, ಗುಡ್ಡದ ಬದಿಯಲ್ಲಿ ಅವರ ಮನೆ. ತಂದೆ ನೋಣಯ್ಯ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು, ಈಗ ತೀರಿಕೊಂಡಿದ್ದಾರೆ. ತಾಯಿ ಸೇಸಮ್ಮ ಇವತ್ತಿಗೂ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಐಟಿಐ ಮುಗಿಸಿದ ಹರಿಣಾಕ್ಷಿ ಮೊದಲು ಸೇರಿದ್ದು ಮಂಗಳೂರಿನ ಆಚೆ ಬೈಕಂಪಾಡಿಯ ಒಂದು ದೊಡ್ಡ ಗೋದಾಮಿಗೆ, ಸಾಮಾನು ಆರಿಸಿ ಕೊಡುವ ಕೆಲಸಕ್ಕೆ. ಆಗ ಗನ್ನು ಅವರ ಕೈಯಲ್ಲೇ ಇತ್ತು. ಸ್ವಲ್ಪ ಹೊತ್ತು ಏನೂ ಸ್ಕ್ಯಾನ್ ಮಾಡದಿದ್ದರೆ ಅದು ಕೂಗುತ್ತಿತ್ತು. ಯಾಕೆ ನಿಂತಿರಿ ಎಂದು ಪರದೆಯ ಮೇಲೆ ಪ್ರಶ್ನೆ ಬರುತ್ತಿತ್ತು.

“ಉತ್ತರವೂ ಅದೇ ಕೊಡ್ತದೆ. ಬ್ಯಾಟರಿ ಇಲ್ಲ, ಸಾಮಾನು ಸಿಗಲಿಲ್ಲ, ನೆಟ್‌ವರ್ಕ್ ಇಲ್ಲ. ಮೂರರಲ್ಲಿ ಒಂದು ಒತ್ತಬೇಕು. ನಾನು ಹೋದದ್ದು ಬಾತ್‌ರೂಮಿಗೆ. ಅದಕ್ಕೆ ಬಟನೇ ಇಲ್ಲ! ನೆಟ್‌ವರ್ಕ್ ಅಂತ ಒತ್ತಿದೆ. ಮರುದಿನವೂ ಹಾಗೆ. ಆ ತಿಂಗಳು ನನಗೆ ತುಂಬ ಹೊಟ್ಟೆನೋವಿತ್ತು. ಕಡೆಗೆ ನೆಟ್‌ವರ್ಕ್ ರಿಪೇರಿಗೆ ಜನ ಬಂತು.”

ಬಂದ ಮೆಕ್ಯಾನಿಕ್ ಸಾಬಿತ್ ಎಂಬವರು. ಏಣಿ ಇಟ್ಟು, ಮೇಲೆ ಹತ್ತಿ ನೋಡಿದರು. ನೆಟ್‌ವರ್ಕಿಗೆ ಏನೂ ಆಗಿರಲಿಲ್ಲ. ಕೆಳಗೆ ಬೆವರುತ್ತ ನಿಂತಿದ್ದ ಹುಡುಗಿಯನ್ನು ಒಮ್ಮೆ ನೋಡಿದರು. ಮತ್ತೆ ಸೂಪರ್‌ವೈಸರಿಗೆ, “ಕೇಬಲ್ ಸ್ವಲ್ಪ ಲೂಸ್ ಇತ್ತು, ಸರಿ ಮಾಡಿದ್ದೇನೆ” ಎಂದರು. “ಏಣಿ ಹಿಡಿ ತಂಗಿ” ಎಂದು ಕರೆದು, ಹಿಡಿದವಳಿಗೆ ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ತೋರಿಸಿದರು. ಆ ಕೆಲಸ ಬಿಟ್ಟ ಮೇಲೆ ಹರಿಣಾಕ್ಷಿ ಸಾಬಿತ್ ಅವರ ಜೊತೆಗೇ ಗೋದಾಮುಗಳಿಗೆ ಹೋಗಲು ಶುರುಮಾಡಿದರು. ಅವರು ಸೌದಿಗೆ ಹೋದಾಗ ಈ ಕಡೆಯ ಗಿರಾಕಿಗಳು ಇವರ ಪಾಲಿಗೆ ಬಂದರು.

ಹೆಂಗಸು ಏಣಿ ಹತ್ತುವುದನ್ನು ನೋಡಿ ಮೊದಮೊದಲು ಲೋಡಿಂಗಿನವರು ಕೆಲಸ ನಿಲ್ಲಿಸಿ ನಿಲ್ಲುತ್ತಿದ್ದರಂತೆ. “ಈಗ ಏಣಿ ಅವರೇ ತಂದಿಡ್ತಾರೆ” ಎನ್ನುವಷ್ಟರಲ್ಲಿ ಅವರ ಫೋನು ಮತ್ತೆ ಅಲುಗುತ್ತದೆ. ಮಾತಾಡುವಾಗಲೂ ಬೆರಳುಗಳು ಕೀಲಿಕೈಯನ್ನು ತಿರುಗಿಸುತ್ತಲೇ ಇರುತ್ತವೆ. ಒಂದು ಕಡೆ ಸರಿ ಮಾಡಿ ಬಿ.ಸಿ.ರೋಡ್ ದಾಟುವಷ್ಟರಲ್ಲಿ ಇನ್ನೊಂದು ಕಡೆ ಕೆಡುತ್ತದೆ. ಮಗಳು ಒಂದು ಹೊತ್ತೂ ನೆಟ್ಟಗೆ ಕೂತು ಉಣ್ಣುವುದಿಲ್ಲ ಎಂಬುದು ಸೇಸಮ್ಮನ ದೂರು.

ಆದರೆ ಹರಿಣಾಕ್ಷಿಯ ನಿದ್ದೆಗೆಡಿಸಿದ್ದು ಕೆಟ್ಟ ಗನ್ನಲ್ಲ, ಚೆನ್ನಾಗಿ ಕೆಲಸ ಮಾಡಿದ ಗನ್ನು.

ಕಳೆದ ವರ್ಷ ಮಳೆಗಾಲದ ಆರಂಭ. ಮೆಲ್ಕಾರಿನ ಈ ಔಷಧಿ ಗೋದಾಮಿನ ಮಾಲಕ ಕೃಷ್ಣಕುಮಾರ ಅವರು ಹರಿಣಾಕ್ಷಿಯನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ. ಕೆಲಸದವರ ಮಕ್ಕಳಿಗೆ ಜ್ವರ ಬಂದರೆ ಔಷಧಿ ತಾವೇ ಕೊಟ್ಟು ಕಳಿಸುವವರು. ಆದರೆ ಸರಕು ತಡವಾಗುತ್ತದೆಂದು ಅಂಗಡಿಗಳಿಂದ ಬೈಗುಳ ತಿಂದು ಸೋತಿದ್ದರು. ಸಾಫ್ಟ್‌ವೇರಿನಲ್ಲಿ ‘ಖಾಲಿ ನಿಮಿಷ’ ಎಂಬ ವ್ಯವಸ್ಥೆ ಇದೆಯಂತಲ್ಲ, ಕೈ ನಿಂತರೆ ಗನ್ ಕೂಗಿ, ಯಾರು ಎಷ್ಟು ಹೊತ್ತು ಸುಮ್ಮನೆ ನಿಂತರು ಎಂದು ತೋರಿಸುತ್ತದಂತಲ್ಲ, ಅದನ್ನು ಚಾಲೂ ಮಾಡಿಕೊಡಿ ಎಂದರು.

“ಅದೊಂದು ಬೇಡ ಸರ್.”

“ಯಾಕೆ? ಆಗುದಿಲ್ವಾ?”

“ಆಗ್ತದೆ. ನಾನು ಮಾಡುದಿಲ್ಲ. ತಡ ಆಗುದು ಸಿಗ್ನಲಿಂದ, ಅದನ್ನು ಸರಿ ಮಾಡುವ.”

“ನೀವು ಮಾಡದಿದ್ರೆ ಬೇರೆಯವರು ಮಾಡ್ತಾರೆ ಹರಿಣಾಕ್ಷಿ.”

ಬೇರೆಯವರು ಬಂದರು, ಮಾಡಿಯೂ ಕೊಟ್ಟರು. ಹರಿಣಾಕ್ಷಿಯ ಅತಿ ದೊಡ್ಡ ಗಿರಾಕಿ ಕೈತಪ್ಪಿತು. ದಿನಾ ಅದೇ ಹೆದ್ದಾರಿಯಲ್ಲಿ ಹೋಗುವಾಗ ಶಟರಿನ ಕಡೆ ನೋಡಬಾರದು ಅಂದುಕೊಂಡೇ ನೋಡುತ್ತಿದ್ದರು. “ನಾನು ಬೇಡ ಅಂದು ಎಂತ ಆಯ್ತು? ಗನ್ ಕೂಗುದು ಕೂಗಿತು. ನಾನೇ ಇದ್ದಿದ್ರೆ ಸ್ವಲ್ಪ ತಡವಾಗಿ ಕೂಗುವ ಹಾಗೆ ಇಡಬಹುದಿತ್ತಾ ಅಂತ ಕೂಡ ಅನ್ನಿಸ್ತು.”

ಒಳಗೆ ಏನಾಯಿತು ಎಂಬುದನ್ನು ಆಗ ಅಲ್ಲಿ ಗನ್ ಹಿಡಿಯುತ್ತಿದ್ದ ಮಿಸ್ರಿಯಾ ಹೇಳುತ್ತಾರೆ. “ನೀರು ಕುಡಿಯುವ ಅಂತ ನಿಂತರೆ ಕೂಗ್ತಿತ್ತು. ನಮಾಜಿಗೆ ಹೋದ್ರೂ ಕೂಗ್ತಿತ್ತು. ನಾವು ಒಂದು ಉಪಾಯ ಮಾಡಿದೆವು. ಒಂದು ಪೆಟ್ಟಿಗೆಗೆ ಗನ್ ಹಿಡಿಯುದು, ಮತ್ತೆ ಬೇರೆ ರ್ಯಾಕಿನ ಚೀಟಿಗೆ ಹಿಡಿಯುದು. ಪೆಟ್ಟಿಗೆ ಅಲ್ಲೇ ಉಂಟು. ಕಂಪ್ಯೂಟರಿಗೆ ಮಾತ್ರ, ಅದನ್ನು ಆಚೆ ಇಟ್ಟಿದ್ದಾರೆ ಅಂತ. ಗನ್ ಸುಮ್ಮನಾಗ್ತದೆ. ತಪ್ಪು ಅಂತ ಗೊತ್ತಿತ್ತು. ಇಷ್ಟು ದೊಡ್ಡದಾಗ್ತದೆ ಅಂತ ಗೊತ್ತಿರಲಿಲ್ಲ.”

ತುಳುವರ ಆಟಿ ತಿಂಗಳ, ಜೋರು ಮಳೆಯ ಒಂದು ಬೆಳಿಗ್ಗೆ ಔಷಧಿ ತಯಾರಿಸುವ ಕಂಪೆನಿಯೊಂದರಿಂದ ಸಂದೇಶ ಬಂತು. ಮಕ್ಕಳ ಕೆಮ್ಮಿನ ಸಿರಪ್ಪಿನ ಒಂದು ಬ್ಯಾಚಿನಲ್ಲಿ ದೋಷವಿದೆ, ಒಂದು ಬಾಟಲಿಯೂ ಮಾರಾಟವಾಗಬಾರದು, ತಕ್ಷಣ ಹಿಂದಕ್ಕೆ ಕಳಿಸಿ. ಕಂಪ್ಯೂಟರಿನಲ್ಲಿ ಹುಡುಕಿದರೆ ಆ ಬ್ಯಾಚು ಮೊದಲನೆಯ ಸಾಲಿನಲ್ಲಿದೆ ಎಂದು ತೋರಿಸಿತು. ಹೋಗಿ ನೋಡಿದರೆ ಅಲ್ಲಿದ್ದದ್ದು ನೋವಿನ ಮುಲಾಮು. ಎರಡನೆಯ ಸಾಲು ಎಂದಿತು. ಅಲ್ಲಿ ಬ್ಯಾಂಡೇಜು. ಗಾಡಿಗಳು ಆಗಲೇ ಹೊರಟುಹೋಗಿದ್ದವು. ಕೃಷ್ಣಕುಮಾರರು ಹರಿಣಾಕ್ಷಿಗೆ ಫೋನು ಮಾಡಿದರು.

ಅವರು ಬಂದವರೇ, ಕಂಪ್ಯೂಟರ್ ಕೂಡಿಟ್ಟುಕೊಂಡಿದ್ದ ಸ್ಕ್ಯಾನುಗಳನ್ನು ತೆರೆದು ನೋಡಿದರು. ಒಂದೇ ಪೆಟ್ಟಿಗೆ ಒಂದೇ ದಿನ ನಾಲ್ಕು ರ್ಯಾಕು ಸುತ್ತಿತ್ತು. ಏನಾಗಿದೆ ಎಂದು ಅವರಿಗೆ ತಕ್ಷಣ ತಿಳಿಯಿತು. ಪ್ರತಿ ಸ್ಕ್ಯಾನಿನ ಪಕ್ಕದಲ್ಲಿ ಅದನ್ನು ಮಾಡಿದವರ ಹೆಸರೂ ಇತ್ತು. ಪರದೆಯನ್ನು ಮುಚ್ಚಿಬಿಟ್ಟರು.

“ಯಾರು ಮಾಡಿದ್ದು ಇದು?” ಎಂದು ಕೃಷ್ಣಕುಮಾರರು ಕೇಳಿದರು.

“ಯಾರು ಅಂತ ಮತ್ತೆ ನೋಡುವ ಸರ್. ಎಲ್ಲಿ ಉಂಟು ಅಂತ ಮೊದಲು.”

ಆಗ ಮಿಸ್ರಿಯಾ ಮುಂದೆ ಬಂದರು. ಹರಿಣಾಕ್ಷಿ ಕಣ್ಣಿನಲ್ಲೇ ಬೇಡ ಎಂದದ್ದು ತನಗೆ ಕಂಡಿತ್ತು ಎನ್ನುತ್ತಾರೆ ಅವರು. ಆದರೂ ಹೇಳಿದರು: “ನಾನು ಸರ್. ನಾವೆಲ್ಲರೂ. ಗನ್ ಕೂಗಬಾರದು ಅಂತ. ಸಿರಪ್ ಎಲ್ಲಿ ಉಂಟು ಅಂತ ನನಗೆ ಗೊತ್ತುಂಟು. ಅದು ಇಳಿಸಿದ ಜಾಗದಿಂದ ಅಲುಗಲೇ ಇಲ್ಲ.”

ಕೃಷ್ಣಕುಮಾರರೂ ಅಂಗಿಯ ತೋಳು ಮಡಚಿ ಪೆಟ್ಟಿಗೆ ಇಳಿಸಲು ನಿಂತರು. ಮಿಸ್ರಿಯಾ ತೋರಿಸಿದ ಜಾಗದಲ್ಲಿ ಎಲ್ಲರೂ ಸೇರಿ ಕೈಯಾರೆ ಹುಡುಕಿದಾಗ ಆ ಬ್ಯಾಚಿನ ಪೆಟ್ಟಿಗೆಗಳು ಸಿಕ್ಕಿದವು, ಒಂದನ್ನು ಬಿಟ್ಟು. ಅದು ಎರಡು ದಿನ ಮೊದಲು ಪುಂಜಾಲಕಟ್ಟೆಯ ಔಷಧಿ ಅಂಗಡಿಗೆ ಹೋಗಿತ್ತು. ಅಂಗಡಿಯ ಶಾಹುಲ್ ಹಮೀದ್ ಪೆಟ್ಟಿಗೆ ಬಿಚ್ಚಿ ನೋಡಿ ಫೋನಿನಲ್ಲಿ ಹೇಳಿದರು, “ಒಂದು ಬಾಟ್ಲಿ ನಿನ್ನೆ ಸಂಜೆ ಹೋಗಿದೆ. ಮನೆ ಗೊತ್ತುಂಟು, ಆದ್ರೆ ಅವರ ಫೋನು ಹೋಗುದಿಲ್ಲ. ಗುಡ್ಡದ ಆಚೆ ಅಲ್ವಾ, ಕರೆಂಟೂ ಇಲ್ಲ.”

ಹರಿಣಾಕ್ಷಿಗೆ ಆ ದಾರಿ ಗೊತ್ತಿತ್ತು. ಮಳೆಯಲ್ಲಿ ಸ್ಕೂಟರು ಹತ್ತುವಷ್ಟು ಹತ್ತಿತು. ಉಳಿದದ್ದನ್ನು ಓಡಿದರು.

“ಬಾಗಿಲಲ್ಲಿ ಮಗು ಕೆಮ್ಮುದು ಕೇಳಿತು. ನನ್ನ ಜೀವ ಹೋಯ್ತು. ಒಳಗೆ ಹೋದ್ರೆ ಬಾಟ್ಲಿ ಕಿಟಕಿಯಲ್ಲಿ ಉಂಟು, ಸೀಲ್ ಒಡೆದಿಲ್ಲ. ಅಜ್ಜಿ ಕೊಟ್ಟ ಕಷಾಯದಲ್ಲೇ ರಾತ್ರಿ ಕಳೆದಿದ್ದಾರೆ. ನಾನು ಅಲ್ಲೇ ಜಗಲಿಯಲ್ಲಿ ಕೂತುಬಿಟ್ಟೆ, ನೀರು ಇಳೀತಿತ್ತು ಮೈಯಿಂದ. ಆ ತಾಯಿ ಕೇಳಿದ್ಳು, ನೀವು ಡಾಕ್ಟರಾ ಅಂತ. ಅಲ್ಲ, ಗೋದಾಮಿನಲ್ಲಿ ಗನ್ ರಿಪೇರಿ ಮಾಡುವವಳು ಅಂದೆ. ಅವಳಿಗೆ ಎಂತ ಅರ್ಥ ಆಯ್ತೋ, ಟವೆಲ್ ಕೊಟ್ಳು.”

ಅಂದು ಯಾರ ಕೆಲಸವೂ ಹೋಗಲಿಲ್ಲ. ಮರುದಿನ ಕೃಷ್ಣಕುಮಾರರು ಖಾಲಿ ನಿಮಿಷವನ್ನು ಹರಿಣಾಕ್ಷಿಯಿಂದಲೇ ತೆಗೆಸಿದರು. ಕ್ಷಮೆ ಕೇಳಲಿಲ್ಲ, ಹರಿಣಾಕ್ಷಿ ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. ದಿನದ ಕೊನೆಗೆ ಎಷ್ಟು ಸರಕು ಹೋಯಿತು ಎಂದು ಕೃಷ್ಣಕುಮಾರರು ಈಗಲೂ ನೋಡುತ್ತಾರೆ, ತಡವಾದರೆ ಈಗಲೂ ಸಿಡುಕುತ್ತಾರೆ. ಸರಕು ಮಾತ್ರ ಕಂಪ್ಯೂಟರ್ ಹೇಳಿದ ಜಾಗದಲ್ಲೇ ಇರುತ್ತದೆ. “ನನಗೆ ಗಡಿಬಿಡಿ ಇತ್ತು. ಗಡಿಬಿಡಿಯಲ್ಲಿ ಸುಳ್ಳು ಸ್ಕ್ಯಾನ್ ಆದ್ರೆ ಗೋದಾಮು ಇದ್ದೂ ಇಲ್ಲದ ಹಾಗೆ. ಆ ಮಗುವಿಗೆ ಏನಾದ್ರೂ ಆಗಿದ್ರೆ ನಾನು ಇಲ್ಲಿ ಕೂತಿರ್ತಿರಲಿಲ್ಲ,” ಎನ್ನುತ್ತಾರೆ ಅವರು.

ಹರಿಣಾಕ್ಷಿಯ ಚಡಪಡಿಕೆ ಅಲ್ಲಿಗೆ ಮುಗಿದಿಲ್ಲ. ಸಾಫ್ಟ್‌ವೇರಿಗೆ ಹೊಸ ಅಪ್‌ಡೇಟ್ ಬಂದಾಗಲೆಲ್ಲ ಈ ಖಾಲಿ ನಿಮಿಷ ಯಾರೂ ಹೇಳದೆ ತಾನಾಗಿ ಚಾಲೂ ಆಗುತ್ತದೆ. ಹಾಗಾಗಿ ಪ್ರತಿ ಸಲವೂ ಬಂಟ್ವಾಳದಿಂದ ಬೆಳ್ತಂಗಡಿ, ಅಲ್ಲಿಂದ ಮೂಡುಬಿದಿರೆ ಎಂದು ಸುತ್ತುತ್ತ ಒಂದೊಂದು ಗನ್ನನ್ನೂ ತೆರೆದು ನೋಡುತ್ತಾರೆ. ಇದಕ್ಕೆ ಯಾವ ಮಾಲಕರೂ ಕರೆದಿರುವುದಿಲ್ಲ. ಖಾಲಿ ನಿಮಿಷ ಬೇಕೇ ಬೇಕು ಎನ್ನುವ ಮಾಲಕರೂ ಇದ್ದಾರೆ. ಅಂಥ ಕಡೆ ಅವರು ಕೆಲಸ ಬಿಟ್ಟು ಬರುತ್ತಾರೆ. ಬಿಟ್ಟು ಬಂದ ಮೇಲೆ ದಾರಿಯುದ್ದಕ್ಕೂ ತನ್ನಲ್ಲೇ ವಾದ ಮಾಡುತ್ತಾರೆ.

ಮೂಡುಬಿದಿರೆಯ ಗೇರುಬೀಜದ ಗೋದಾಮು ತಲುಪಿದ್ದೇವೆ. ಎರಡೆರಡು ಲೆಕ್ಕದ ತೊಂದರೆಯನ್ನು ಸರಿ ಮಾಡಿದ ಮೇಲೆ ಹೊಸದಾಗಿ ಸೇರಿದ ಹೆಂಗಸರನ್ನು ಸುತ್ತ ನಿಲ್ಲಿಸಿಕೊಂಡು ಹರಿಣಾಕ್ಷಿ ತುಳುವಿನಲ್ಲಿ ಮಾತಾಡುತ್ತಾರೆ. ಗನ್ ಹೇಗೆ ಹಿಡಿಯಬೇಕು ಎಂಬುದು ಆಮೇಲೆ. ಅದು ನಿಮ್ಮ ಬಗ್ಗೆ ಏನು ಬರೆದಿಡುತ್ತದೆ, ಏನು ಬರೆಯುವುದಿಲ್ಲ ಎಂಬುದು ಮೊದಲು. ಮಾಲಕರು ಪಕ್ಕದಲ್ಲೇ ನಿಂತಿದ್ದಾರೆ. ಅವರ ಎದುರಿಗೇ ಹೇಳುತ್ತಾರೆ. ಒಬ್ಬಾಕೆ ಮೆಲ್ಲಗೆ ಏನೋ ಕೇಳುತ್ತಾರೆ, ಹರಿಣಾಕ್ಷಿ ನಗುತ್ತ ತಲೆಯಾಡಿಸುತ್ತಾರೆ.

ಆಕೆ ಏನು ಕೇಳಿದರು ಎಂದು ವಿಚಾರಿಸಿದರೆ, “ಸೊಂಟ ನೋವು ಬಂದ್ರೆ ಸ್ವಲ್ಪ ಕೂತುಕೊಳ್ಬಹುದಾ ಅಂತ. ಕೂತುಕೊಳ್ಳಿ ಅಂದೆ.”

ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಸ್ಕೂಟರಿನ ಮೇಲೆ ಕುಳಿತವರು ಮೊದಲ ಬಾರಿಗೆ ಗಡಿಬಿಡಿಯಿಲ್ಲದೆ ಯೋಚಿಸುತ್ತಾರೆ.

“ದೊಡ್ಡದು ಎಂತ ಇಲ್ಲ. ನಾನು ಜೋಡಿಸಿ ಕೊಟ್ಟ ಗನ್ನಿಗೆ ಯಾರೂ ಹೆದರಿ ಸುಳ್ಳು ಹೇಳಬಾರದು. ಅಷ್ಟಾದ್ರೆ ನಾನು ಕಲಿತ ಕೆಲಸ ಒಳ್ಳೆದೇ ಅಂತ ಆಯ್ತು.”