ಅತ್ತೆಯ ಮಂಗಳವಾರಗಳು

ಹಾಲು ಕರೆಯಲು ಹೋದ ಅತ್ತೆ ಎಷ್ಟು ಹೊತ್ತಾದರೂ ಕೊಟ್ಟಿಗೆಯಿಂದ ಬರಲಿಲ್ಲ. ಹೋಗಿ ನೋಡಿದೆ. ಹಸುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಬಕೆಟ್ ಖಾಲಿ. ಕಣ್ಣಲ್ಲಿ ನೀರು ತಾನಾಗಿ ಇಳಿಯುತ್ತಿತ್ತು.

"ಕೈಯೇ ಏಳ್ತಿಲ್ಲ ಕಣಮ್ಮಿ" ಅಂದರು.

ಗುಡೇಮಾರನಹಳ್ಳಿಯ ನಮ್ಮ ಮನೆಯಲ್ಲಿ ಅವರು ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದೇ ಇಲ್ಲ. ಆಮೇಲೆ ಊಟ ಬಿಟ್ಟರು. ನಿದ್ದೆ ಹೋಯಿತು. ಬಿಪಿ, ಶುಗರ್, ಥೈರಾಯ್ಡ್ ಎಲ್ಲ ನಾರ್ಮಲ್. ರಿಪೋರ್ಟ್ ನಾರ್ಮಲ್ ಬಂದದ್ದೇ ಎಲ್ಲರೂ ವೈದ್ಯರಾದರು. ನನ್ನ ಗಂಡ ಫೋನಿನಲ್ಲಿ ಧ್ಯಾನದ ವಿಡಿಯೊ ಹಾಕಿಕೊಟ್ಟರು. ನಾದಿನಿ ಸಿರಿಧಾನ್ಯ ತಂದಳು. ವಾಕಿಂಗ್ ಮಾಡಿ, ಒಳ್ಳೆಯದನ್ನೇ ಯೋಚಿಸಿ ಎಂದರು ನೆಂಟರು. ಅತ್ತೆ ಹೇಳಿದ್ದೆಲ್ಲ ಮಾಡಿದರು. ಗುಣವಾಗದಿದ್ದಾಗ, ತಾನೇ ಸರಿಯಾಗಿ ಮಾಡುತ್ತಿಲ್ಲ ಎಂದುಕೊಂಡರು.

ಒಂದು ಮಧ್ಯಾಹ್ನ ಅವರ ತಲೆ ಬಾಚುತ್ತಿದ್ದೆ.

"ನಾನಿಲ್ದಿದ್ರೆ ನಿಮಗೆಲ್ಲ ಒಸಿ ಹಗುರಾಯ್ತದೆ."

ನನ್ನ ಕೈ ನಿಂತಿತು.

ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ನಾಳೆ ಮಂಗಳವಾರ, ಸರ್ಕಾರಿ ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಅಲ್ಲಿಯತನಕ ಒಬ್ಬರನ್ನೇ ಬಿಡಬೇಡಿ ಎಂದರು. ಊರವರು ಏನಂದುಕೊಳ್ಳುತ್ತಾರೋ ಎಂದು ನನ್ನ ಗಂಡ ಹಿಂಜರಿದರು. ಅವ್ವ ಆಡಿದ ಮಾತು ತಿಳಿದ ಮೇಲೆ ತಾವೇ ಆಟೊ ಕರೆದರು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆತುರಪಡದೆ ಎಲ್ಲ ಕೇಳಿಕೊಂಡು, ಡಿಪ್ರೆಶನ್ ಎಂದರು. ಹಾಗಾದರೆ ವಾಕಿಂಗ್ ಬೇಡವೇ ಎಂದರು ನನ್ನ ಗಂಡ.

"ಮಾಡಲಿ, ಒಳ್ಳೇದೇ. ಆದ್ರೆ ಇದು ಕಾಯಿಲೆ. ವಾಕಿಂಗ್ ಮಾಡಲಿಲ್ಲ ಅಂತ ಬಂದಿದ್ದಲ್ಲ."

ಅತ್ತೆ ಮೊದಲ ಸಲ ತಲೆಯೆತ್ತಿ ಅವರನ್ನು ನೋಡಿದರು.

ಮಾತ್ರೆಯನ್ನು ಅಲ್ಲೇ ಉಚಿತವಾಗಿ ಕೊಟ್ಟರು. ಖರ್ಚು ಮಾಡಿಕೊಂಡು ಬೆಂಗಳೂರಿಗೆ ಅಲೆಯಬೇಕಾಗಿದ್ದರೆ, ನನಗೋಸ್ಕರ ಯಾಕೆ ಎಂದು ಅತ್ತೆ ಎರಡನೇ ಸಲ ಹೊರಡುತ್ತಲೇ ಇರಲಿಲ್ಲ. ಧ್ಯಾನ, ಸಿರಿಧಾನ್ಯ ಅವರವರ ಇಷ್ಟ. ಆದರೆ ಆ ಆಸ್ಪತ್ರೆಯ ಕುರ್ಚಿಯಲ್ಲಿ ವಾರಕ್ಕೊಮ್ಮೆ ಒಬ್ಬ ಡಾಕ್ಟರ್ ಕೂರುವುದು, ಔಷಧಿ ಕೊಡುವ ಕಿಟಕಿಯಲ್ಲಿ ಈ ಮಾತ್ರೆ ಇರುವುದು ಒಂದು ಮನೆಯಿಂದ ಆಗುವ ಕೆಲಸವಲ್ಲ. ಅದನ್ನು ಸರ್ಕಾರವೇ ಮಾಡಬೇಕು.

ಗುಣ ಕಾಣಲು ತಿಂಗಳುಗಳೇ ಹಿಡಿದವು. ಮೊದಮೊದಲು ಮಾತ್ರೆಗೆ ಬಾಯಿ ಒಣಗಿತು, ಮಂಪರು ಕವಿಯಿತು. ಆಮೇಲೆ ನಿದ್ದೆ ಬಂತು. ಒಂದು ದಿನ, ಸಾರಿಗೆ ಉಪ್ಪು ಕಡಿಮೆ ಎಂದು ನನ್ನನ್ನು ಗದರಿದರು. ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಪೂರ್ತಿ ವಾಸಿಯಾಗಿದೆ ಎನ್ನಲಾರೆ; ಈಗಲೂ ಮಂಗಳವಾರ ಆಸ್ಪತ್ರೆಗೆ ಹೋಗುತ್ತೇವೆ. ಈಗಿನ ಡಾಕ್ಟರಿಗೆ ವರ್ಗವಾಗುತ್ತದಂತೆ. ಅವರ ಜಾಗಕ್ಕೆ ಬೇರೆಯವರು ಬರುತ್ತಾರೋ ಇಲ್ಲವೋ ಎಂದು ನನಗೆ ದಿಗಿಲು. ಅದನ್ನು ಅತ್ತೆಗೆ ಹೇಳಿದೆ.

"ಯಾರೂ ಬರ್ನಿಲ್ಲ ಅಂದ್ರೆ ಹೋಗಿ ಕೇಳಾನ. ಅಲ್ಲಿ ಕ್ಯೂನಲ್ಲಿ ಕೂರ್ತೀವಲ್ಲ, ಅಷ್ಟೂ ಜನ ಒಟ್ಗೇ ಹೋಗಾನ."