ಉಡಿ ತುಂಬಿದ ಹಕ್ಕಳೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಗದಗಿನ ಪ್ರಯೋಗಾಲಯವೊಂದಕ್ಕೆ ದನಗಳ ರೋಗದ ಮಾದರಿ ತರುವ ತಾತ್ಕಾಲಿಕ ಕೆಲಸದಲ್ಲಿದ್ದೆ. ಮಾದರಿ ಎಂದರೆ, ಸಿಡುಬಿನ ಗುಳ್ಳೆ ಒಣಗಿದ ಮೇಲೆ ಉಳಿಯುವ ಹಕ್ಕಳೆ. ಮುಂಡರಗಿ ಹತ್ತಿರದ ಹಳ್ಳಿಯಲ್ಲಿ ಗಂಗವ್ವ ಎಂಬಾಕೆಯ ಎಮ್ಮೆಯ ಕೆಚ್ಚಲ ಮೇಲೆ ಅದಿತ್ತು. ನನ್ನ ಫ್ಲಾಸ್ಕಿನಲ್ಲಿ, ಅಂದರೆ ಚಹಾದ ಫ್ಲಾಸ್ಕೇ, ಐಸ್ ಕರಗುತ್ತಿತ್ತು. ನಾಲ್ಕಕ್ಕೆ ಕೊನೆಯ ಬಸ್ಸು.

“ಅವ್ವ ಬಂದಾಳ್ರೀ, ಮುಟ್ಟಬ್ಯಾಡ್ರಿ,” ಎಂದಳು ಗಂಗವ್ವ; ಸಿಡುಬೆಂದರೆ ಅವಳ ಪಾಲಿಗೆ ದೇವಿ.

ನಾನು ಚಡಪಡಿಸುತ್ತ ಎಲ್ಲವನ್ನೂ ವಿವರಿಸಿದೆ. ಈ ರೋಗಾಣುವಿನಲ್ಲಿ ಚರ್ಮಕ್ಕೆ ‘ಬೆಳೆ’ ಎಂದು ಹೇಳುವ ಜೀನ್ ಒಂದಿದೆ, ಅದಕ್ಕೇ ಗುಳ್ಳೆ ಉಬ್ಬುತ್ತದೆ, ಆ ಜೀನನ್ನು ಅದು ಬಹಳ ಹಿಂದೆ ನಮ್ಮಂಥ ಪ್ರಾಣಿಗಳ ಮೈಯಿಂದಲೇ ಒಯ್ದಿರಬೇಕು ಎಂದೆ.

“ಹಂಗಾರ ಆಕಿ ನಮ್ಮನಿ ಮಗಳ ಆದ್ಲಲ್ರಿ?”

“ಒಂದು ರೀತಿ ಹೌದು,” ಎಂದೆ, ಗೆದ್ದೆನೆಂದುಕೊಂಡು.

“ಮತ್ತ ಮಗಳನ್ನ ಉಡಿ ತುಂಬದ ಹೆಂಗ ಕಳಸೂದು? ಶುಕ್ರವಾರ ಬರ್ರಿ. ಈಗ ಕುಂಡ್ರಿ, ಚಾ ಕುಡೀರಿ.”

ಬಸ್ಸು ತಪ್ಪಿತು. ಫೋನಿನಲ್ಲಿ ಪ್ರಯೋಗಾಲಯದ ಸಾಹೇಬರು, “ಶುಕ್ರವಾರನೂ ಬರಿಗೈಲೆ ಬರೂದಾದ್ರ ಬರಲೇಬ್ಯಾಡ,” ಎಂದರು.

ಶುಕ್ರವಾರ ಹೋದಾಗ ಹಕ್ಕಳೆ ತಾನಾಗಿಯೇ ಉದುರಿತ್ತು. ಗಂಗವ್ವ ಅದನ್ನು ಸೇರು ಅಕ್ಕಿ, ಅರಿಶಿನ, ಕುಂಕುಮದ ಜೊತೆ ಹೊಸ ಕುಬಸದ ಬಟ್ಟೆಯಲ್ಲಿ ಕಟ್ಟಿಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಾಹೇಬರು ಗಂಟು ಬಿಚ್ಚಿ, “ಏನಲೇ ಇದು?” ಎಂದರು. ಈ ಸಲ ವಿವರಿಸಲು ಹೋಗದೆ, ಅಕ್ಕಿಯೊಳಗಿಂದ ಹಕ್ಕಳೆ ಆರಿಸಲು ಕೂತೆ.